ಮರ ಕಡೆಯಲು ಕಲಿಯುವವರಿಗೆ: ಮೊದಲು ಕೂಟ, ಆಮೇಲೆ ಉಳಿ, ಕೊನೆಗೆ ಲೇತ್

ಬೆಂಗಳೂರಿನಲ್ಲಿ ಮರ ಕಡೆಯುವವರ ನಮ್ಮ ಕೂಟಕ್ಕೆ ಹೊಸದಾಗಿ ಬರುವವರು ಕೇಳುವ ಮೊದಲ ಪ್ರಶ್ನೆ, ಯಾವ ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಕೊಳ್ಳಲಿ ಎಂಬುದು. ಈಗಲೇ ಯಾವುದನ್ನೂ ಕೊಳ್ಳಬೇಡಿ ಎನ್ನುತ್ತೇನೆ. ಮೊದಲು ಕಡೆಯುವವರ ಪಕ್ಕದಲ್ಲಿ ನಾಲ್ಕು ಭಾನುವಾರ ನಿಲ್ಲಿ. ಆಮೇಲೆ ಎರಡು ಮೂರು ಉಳಿ ಕೊಂಡು ಅವಕ್ಕೆ ಸಾಣೆ ಹಿಡಿಯುವುದನ್ನು ಕಲಿಯಿರಿ. ಲೇತ್ ಎಲ್ಲಕ್ಕಿಂತ ಕೊನೆಗೆ ಬರಲಿ. ಬಹಳಷ್ಟು ಜನ ಇದನ್ನು ತಿರುವು ಮುರುವಾಗಿ ಮಾಡುತ್ತಾರೆ. ಆರು ತಿಂಗಳಲ್ಲಿ ಅವರ ಲೇತ್ ಬಾಲ್ಕನಿಯ ಮೂಲೆಯಲ್ಲಿ ಬೆಡ್‌ಶೀಟ್ ಹೊದ್ದು ಕುಳಿತಿರುತ್ತದೆ. ಅಂಥ ಎರಡು ಲೇತ್‌ಗಳನ್ನು ನಾವೇ ಅವರಿಂದ ಕೊಂಡು ಕೂಟದ ಶೆಡ್ಡಿಗೆ ತಂದಿದ್ದೇವೆ.

ಕಡೆಯುವ ವಿದ್ಯೆ ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದಲೂ ಅಂಗೈಯಿಂದಲೂ ಬರುತ್ತದೆ. ಮೊಬೈಲ್‌ನಲ್ಲಿ ಎಷ್ಟು ವಿಡಿಯೊ ನೋಡಿದರೂ ಉಳಿಯನ್ನು ಎಷ್ಟು ಒತ್ತಬೇಕು ಎಂಬುದು ಕಾಣುವುದಿಲ್ಲ. ನಮ್ಮ ಕೂಟದ ಹಿರಿಯರೊಬ್ಬರು ಪೀಣ್ಯದ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ಟರ್ನರ್ ಆಗಿ ಕಬ್ಬಿಣ ಕಡೆದವರು, ನಿವೃತ್ತಿಯ ನಂತರ ಮರಕ್ಕೆ ಬಂದವರು. ನಾನು ಮೊದಲ ಸಲ ಗೌಜ್, ಅಂದರೆ ಬಾಗಿದ ಬಾಯಿಯ ಉಳಿ, ಹಿಡಿದಾಗ ಅವರು ಏನೂ ಹೇಳದೆ ನನ್ನ ಬಲಗೈಯ ಮೇಲೆ ತಮ್ಮ ಕೈ ಇಟ್ಟು ಹಿಡಿಯನ್ನು ಎರಡು ಬೆರಳಿನಷ್ಟು ಕೆಳಗಿಳಿಸಿದರು. ಅಲ್ಲಿಯವರೆಗೆ ಕರಕರ ಎನ್ನುತ್ತಿದ್ದ ಮರ ಒಮ್ಮೆಲೇ ರೇಷ್ಮೆ ಸೀರೆ ಸರಿದಂಥ ಸದ್ದು ಮಾಡಿತು. ಪುಡಿ ಉದುರುವುದು ನಿಂತು, ಉದ್ದನೆಯ ಸುರುಳಿಗಳು ನನ್ನ ಮಣಿಕಟ್ಟಿನ ಮೇಲೆ ಬೀಳತೊಡಗಿದವು. ಆ ಸದ್ದನ್ನು ಒಮ್ಮೆ ಕೇಳಿದ ಮೇಲೆ ತಪ್ಪು ಮಾಡಿದಾಗಲೆಲ್ಲ ಕಿವಿಯೇ ತಿದ್ದುತ್ತದೆ.

ಇದು ನಮಗೆ ಹೊರಗಿನ ವಿದ್ಯೆಯೂ ಅಲ್ಲ. ಮಜ್ಜಿಗೆಯನ್ನೂ ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ. ಹಗ್ಗ ಸುತ್ತಿದ ಕಡೆಗೋಲು ಹಿಂದೆ ಮುಂದೆ ತಿರುಗುವಂತೆಯೇ ಹಳೆಯ ಕಾಲದ ಕಡೆಯುವ ಯಂತ್ರವೂ ಹಗ್ಗದ ಎಳೆತಕ್ಕೆ ಹಿಂದೆ ಮುಂದೆ ತಿರುಗುತ್ತಿತ್ತು. ಬೆಂಗಳೂರಿಗಂತೂ ಲೇತ್ ಎಂಬ ಮಾತು ಮನೆಮಾತು. 1953ರಲ್ಲಿ ಆರಂಭವಾದ ಎಚ್‌ಎಂಟಿ ಜಾಲಹಳ್ಳಿಯಲ್ಲಿ ಮೊದಲು ತಯಾರಿಸಿದ್ದೇ ಲೇತ್‌ಗಳನ್ನು. ಐಟಿಐಯಲ್ಲಿ ಟರ್ನರ್ ತರಬೇತಿ ಪಡೆದವರು ಈ ಊರಿನ ಬೀದಿ ಬೀದಿಗಳಲ್ಲಿ ಇದ್ದಾರೆ. ಅಂಥ ಒಬ್ಬರು ನಿಮ್ಮ ಕೂಟದಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಅಳತೆ, ಅಲೈನ್‌ಮೆಂಟ್, ಯಂತ್ರದ ಮುಂದೆ ನಿಲ್ಲುವ ಶಿಸ್ತು ಇವೆಲ್ಲ ಅವರ ರಕ್ತದಲ್ಲೇ ಇರುತ್ತವೆ.

ಕೂಟ ಹುಡುಕುವುದು, ಇಲ್ಲದಿದ್ದರೆ ಕಟ್ಟುವುದು

ನಗರದಲ್ಲಿ ವಾರಾಂತ್ಯಕ್ಕೆ ಮರಗೆಲಸ ಕಲಿಸುವ, ಗಂಟೆಯ ಲೆಕ್ಕದಲ್ಲಿ ಯಂತ್ರ ಬಳಸಲು ಕೊಡುವ ಕಾರ್ಯಾಗಾರಗಳು ಈಗ ಹಲವು ಇವೆ. ಅಲ್ಲಿಗೆ ಹೋಗಿ, ಲೇತ್ ಇದೆಯೇ, ಅದರ ಮುಂದೆ ನಿಯಮಿತವಾಗಿ ನಿಲ್ಲುವವರು ಯಾರು ಎಂದು ಕೇಳಿ. ಮಲ್ಲೇಶ್ವರದ 18ನೇ ಕ್ರಾಸ್‌ನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರಗೆಲಸದ ತರಬೇತಿ ಕೇಂದ್ರವಿದೆ. ಮರದ ಜಾತಿಗಳ ಬಗ್ಗೆ ತಿಳಿಯಬೇಕಾದವರಿಗೂ ಅದು ಸರಿಯಾದ ಬಾಗಿಲು.

ಒಂದು ದಿನವನ್ನು ಚನ್ನಪಟ್ಟಣಕ್ಕೆ ಮೀಸಲಿಡಿ. ಮೈಸೂರು ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ರೈಲೂ ಇದೆ, ಬಸ್ಸೂ ಇದೆ. ಅಂಗಡಿಯಲ್ಲಿ ಗೊಂಬೆ ಕೊಂಡು ಹಿಂದಿರುಗಬೇಡಿ. ಒಳಗಿನ ಬೀದಿಗಳಲ್ಲಿ ಲೇತ್ ಸದ್ದು ಕೇಳುವ ಮನೆಯ ಮುಂದೆ ನಿಂತು, ನೋಡಬಹುದೇ ಎಂದು ಕೇಳಿ. ನನಗೆ ಯಾರೂ ಇಲ್ಲವೆಂದಿಲ್ಲ. ಆಲೆ ಮರದ ಬಿಳಿ ತುಂಡು ಎರಡು ನಿಮಿಷದಲ್ಲಿ ಗಿಲಕಿಯ ಆಕಾರಕ್ಕೆ ಬರುತ್ತದೆ. ತಿರುಗುತ್ತಿರುವ ಮರಕ್ಕೆ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಬೆಂಕಿ ಬೇಕಿಲ್ಲ. ಆ ಬಣ್ಣ ಮೊದಲು ಪಟ್ಟೆಪಟ್ಟೆಯಾಗಿ, ಮಂಕಾಗಿ ಕೂತಿರುತ್ತದೆ. ಆಮೇಲೆ ಕೇದಗೆಯ ಗರಿಯ ತುಂಡನ್ನು ಮಡಿಸಿ ಅದರ ಮೇಲೆ ಒತ್ತಿ ಎಡದಿಂದ ಬಲಕ್ಕೆ ಒಮ್ಮೆ ಎಳೆಯುತ್ತಾರೆ, ಕನ್ನಡಿಯಂಥ ಹೊಳಪು ಬಂದು ನಿಲ್ಲುತ್ತದೆ. ನಾನು ಅಲ್ಲಿ ಕಂಡ ಮುಖ್ಯ ಸಂಗತಿ ಬೇರೆ: ಆ ಕೈಗಳು ಎಲ್ಲಿಯೂ ಬಲ ಹಾಕುವುದಿಲ್ಲ. ಮೊಣಕೈ ಪಕ್ಕೆಗೆ ತಾಗಿರುತ್ತದೆ, ತಿರುವು ಸೊಂಟದಿಂದ ಬರುತ್ತದೆ. ಅದನ್ನು ನೋಡಲಿಕ್ಕಾಗಿಯೇ ಹೋಗಬೇಕು. ನೋಡಿದ ಮೇಲೆ ಅವರು ಹೇಳಿದ ಬೆಲೆಗೆ ಚೌಕಾಸಿ ಮಾಡದೆ ನಾಲ್ಕು ಸಾಮಾನು ಕೊಂಡು ಬನ್ನಿ.

ಹತ್ತಿರದಲ್ಲಿ ಕೂಟವೇ ಇಲ್ಲದಿದ್ದರೆ ನಾಲ್ಕು ಜನ ಸೇರಿ ಶುರು ಮಾಡಿ. ನಾವೂ ಹಾಗೆಯೇ ಶುರು ಮಾಡಿದ್ದು. ತಿಂಗಳಿಗೊಂದು ಭಾನುವಾರ ಬೆಳಗ್ಗೆ 10ರಿಂದ 1ರವರೆಗೆ ಸೇರುತ್ತೇವೆ. ಹತ್ತಕ್ಕಿಂತ ಮುಂಚೆ ಯಂತ್ರ ಹಚ್ಚುವುದಿಲ್ಲ, ಅಕ್ಕಪಕ್ಕದವರ ನಿದ್ದೆಯೂ ಮುಖ್ಯ. ಮೊದಲ ಅರ್ಧ ಗಂಟೆ ಮೇಜಿನ ಸುತ್ತ ಕಳೆಯುತ್ತದೆ. ಪ್ರತಿಯೊಬ್ಬರೂ ತಿಂಗಳಲ್ಲಿ ಕಡೆದ ಒಂದು ವಸ್ತು ತಂದಿಡಬೇಕು, ಒಡೆದದ್ದಾದರೂ ಸರಿ. ಒಡೆದ ಬಟ್ಟಲಿನಿಂದ ಕಲಿಯುವಷ್ಟು ಚೆಂದದ ಬಟ್ಟಲಿನಿಂದ ಕಲಿಯಲಾಗದು. ಗೋಡೆ ಎಲ್ಲಿ ತೆಳುವಾಯಿತು, ಯಾವ ಗಂಟು ಬಿಟ್ಟುಕೊಂಡಿತು ಎಂಬುದು ಮುರಿದ ಅಂಚಿನಲ್ಲಿ ಬರೆದಿಟ್ಟಂತೆ ಕಾಣುತ್ತದೆ. ಆಮೇಲೆ ಒಬ್ಬರು ಒಂದು ಗಂಟೆ ಕಡೆದು ತೋರಿಸುತ್ತಾರೆ. ಹಿಂದೆ ನಿಂತವರಿಗೆ ಕಾಣಲೆಂದು ಹಳೆಯ ಡ್ರೆಸ್ಸಿಂಗ್ ಟೇಬಲ್‌ನ ಕನ್ನಡಿಯನ್ನು ಲೇತ್‌ನ ಮೇಲೆ ಸೂರಿನಿಂದ ಓರೆಯಾಗಿ ತೂಗುಹಾಕಿದ್ದೇವೆ. ಅದರಿಂದ ಉಳಿಯ ತುದಿಯನ್ನು ಮೇಲಿನಿಂದ ನೋಡಬಹುದು, ಯಾರೂ ಯಂತ್ರದ ಮೇಲೆ ಬಾಗಬೇಕಿಲ್ಲ. ಉಳಿದ ಹೊತ್ತು ಹೊಸಬರಿಗೆ. ಒಂದು ಲೇತ್‌ಗೆ ಒಬ್ಬ ಕಲಿಯುವವರು, ಪಕ್ಕದಲ್ಲಿ ಒಬ್ಬ ಬಲ್ಲವರು, ಅಷ್ಟೇ.

ಉಳಿಗಳನ್ನು ಎರವಲು ಕೊಡಲು ಒಂದು ಪುಸ್ತಕವಿಡಿ: ಯಾರು, ಯಾವುದು, ಯಾವ ತಾರೀಖು. ಮೊಂಡಾದ ಉಳಿಯನ್ನು ಸಾಣೆ ಹಿಡಿದೇ ಹಿಂದಿರುಗಿಸಬೇಕೆಂಬ ನಿಯಮ ಇರಲಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್ ಮೊದಲ ದಿನದಿಂದಲೇ ಗೋಡೆಯ ಮೇಲಿರಲಿ. ಹಣದ ಲೆಕ್ಕವನ್ನು ತಿಂಗಳು ತಿಂಗಳು ಎಲ್ಲರೆದುರು ಓದಿಬಿಡಿ. ಕೂಟಗಳು ಒಡೆಯುವುದು ಮರದಿಂದಲ್ಲ, ಲೆಕ್ಕದಿಂದ.

ಲೇತ್ ಮುಂದೆ ನಿಲ್ಲುವ ಮುನ್ನ

ಇದರಲ್ಲಿ ರಿಯಾಯಿತಿ ಇಲ್ಲ. ಕೈಗವಸು ಹಾಕಬಾರದು. ತಿರುಗುವ ಮರ ಕೈಗವಸಿನ ಬೆರಳನ್ನು ಹಿಡಿದರೆ ಒಳಗಿನ ಬೆರಳನ್ನೂ ಒಯ್ಯುತ್ತದೆ. ತುಂಬುತೋಳಿನ ಅಂಗಿಯಾದರೆ ತೋಳನ್ನು ಮೊಣಕೈಯವರೆಗೆ ಬಿಗಿಯಾಗಿ ಮಡಿಸಿ. ದುಪಟ್ಟಾ, ಸೆರಗು, ಬಳೆ, ಉಂಗುರ, ಕೊರಳಿನ ಸರ, ಮೊಬೈಲ್‌ನ ಇಯರ್‌ಫೋನ್ ತಂತಿ ಎಲ್ಲವೂ ಶೆಡ್ಡಿನ ಹೊರಗೆ. ಉದ್ದ ಕೂದಲನ್ನು ತುರುಬು ಕಟ್ಟಿ ಟೋಪಿಯೊಳಗೆ ಸೇರಿಸಿ, ಜಡೆ ಸಾಲದು. ಕಾಲಿಗೆ ಚಪ್ಪಲಿ ಬೇಡ, ಮುಚ್ಚಿದ ಶೂ ಬೇಕು. ಕನ್ನಡಕ ಇದ್ದರೂ ಮುಖವಿಡೀ ಮುಚ್ಚುವ ಪಾರದರ್ಶಕ ಕವಚ ಧರಿಸಿ. ಸ್ಯಾಂಡ್‌ಪೇಪರ್ ಹಿಡಿಯುವಾಗ ಎನ್95 ಮಾಸ್ಕ್ ಇರಲಿ. ಬೀಟೆ, ತೇಗದ ಧೂಳಿಗೆ ಕೆಲವರ ಚರ್ಮ ಕೆರೆದು ಕೆಂಪಾಗುತ್ತದೆ, ಕೆಲವರಿಗೆ ಉಸಿರು ಕಟ್ಟುತ್ತದೆ.

ಯಂತ್ರ ಹಚ್ಚುವಾಗ ಮರದ ನೇರಕ್ಕೆ ನಿಲ್ಲಬೇಡಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಸಿಡಿಯುವ ಮರ ಹೆಚ್ಚಾಗಿ ಮೊದಲ ಹತ್ತು ಸೆಕೆಂಡುಗಳಲ್ಲೇ ಸಿಡಿಯುತ್ತದೆ.

ಉಳಿಗಳು: ಯಾವುದು ಬೇಕು, ಯಾವುದು ಬೇಡ

ಎಂಟು ಉಳಿಗಳ ಚೆಂದದ ಮರದ ಪೆಟ್ಟಿಗೆ ನೋಡಿ ಮರುಳಾಗಬೇಡಿ. ಅದರಲ್ಲಿ ನಾಲ್ಕನ್ನು ನೀವು ಎಂದಿಗೂ ಮುಟ್ಟುವುದಿಲ್ಲ. ಉಳಿಯನ್ನು ಬಿಡಿಬಿಡಿಯಾಗಿ ಕೊಳ್ಳಿ, ಅದರ ಮೇಲೆ ಎಚ್‌ಎಸ್‌ಎಸ್, ಅಂದರೆ ಹೈ ಸ್ಪೀಡ್ ಸ್ಟೀಲ್, ಎಂದಿರಬೇಕು. ಸಾದಾ ಕಾರ್ಬನ್ ಉಕ್ಕಿನ ಉಳಿ ಸಾಣೆಯಲ್ಲಿ ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗಿದರೆ ಆ ಜಾಗದ ಗಡಸುತನ ಹೋಯಿತು. ಎಚ್‌ಎಸ್‌ಎಸ್ ಆ ಬಿಸಿಯನ್ನು ತಡೆದುಕೊಳ್ಳುತ್ತದೆ, ಅದರ ಹರಿತವೂ ಎಷ್ಟೋ ಪಾಲು ಹೆಚ್ಚು ಹೊತ್ತು ನಿಲ್ಲುತ್ತದೆ. ಎಸ್.ಪಿ. ರಸ್ತೆ, ಎಸ್.ಜೆ.ಪಿ. ರಸ್ತೆಯ ಸುತ್ತಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಾಣೆ ಯಂತ್ರ, ವ್ಯಾಸ ಅಳೆಯುವ ಕ್ಯಾಲಿಪರ್, ಸ್ಯಾಂಡ್‌ಪೇಪರ್ ಧಾರಾಳವಾಗಿ ಸಿಗುತ್ತವೆ. ಕಡೆಯುವ ಉಳಿಗಳನ್ನು ಮಾತ್ರ ಆನ್‌ಲೈನ್‌ನಲ್ಲಿ ತರಿಸಬೇಕಾದೀತು.

ಮೊದಲು ಕೊಳ್ಳಬೇಕಾದದ್ದು ಚೌಕದ ಮರವನ್ನು ದುಂಡಗೆ ಮಾಡುವ ರಫಿಂಗ್ ಗೌಜ್, ಸುಮಾರು 20 ಮಿ.ಮೀ. ಅಗಲದ್ದು. ಅದರ ಜೊತೆಗೆ ತುಂಡರಿಸಲು 3 ಮಿ.ಮೀ. ಪಾರ್ಟಿಂಗ್ ಉಳಿ, ತಗ್ಗು ಉಬ್ಬು ತೆಗೆಯಲು 10 ಮಿ.ಮೀ. ಸ್ಪಿಂಡಲ್ ಗೌಜ್. ಈ ಮೂರರಲ್ಲಿ ಲಟ್ಟಣಿಗೆ, ಬುಗುರಿ, ಕುಂಕುಮದ ಭರಣಿ, ಚದುರಂಗದ ಕಾಯಿ ಎಲ್ಲವನ್ನೂ ಕಡೆಯಬಹುದು. ನಾಲ್ಕನೆಯದು ಸ್ಕ್ಯೂ, ಅಂದರೆ ಓರೆ ಬಾಯಿಯ ಉಳಿ. ಹಿಡಿತ ಸಿಕ್ಕರೆ ಸ್ಯಾಂಡ್‌ಪೇಪರ್ ಬೇಕೇ ಆಗದಷ್ಟು ನುಣುಪು ಕೊಡುತ್ತದೆ, ಹಿಡಿತ ತಪ್ಪಿದರೆ ಮರಕ್ಕೆ ಕಚ್ಚಿ ಸುರುಳಿ ಗಾಯ ಮಾಡುತ್ತದೆ. ಅದನ್ನು ಎರಡನೇ ತಿಂಗಳಿಗೆ ಇಟ್ಟುಕೊಳ್ಳಿ, ಆದರೆ ಬಿಡಬೇಡಿ. ಬಟ್ಟಲಿನ ಕೆಲಸಕ್ಕೆ ಬೌಲ್ ಗೌಜ್ ಬೇರೆಯೇ ಬೇಕು, ಜೊತೆಗೆ ದುಂಡು ಮೂತಿಯ ಒಂದು ಸ್ಕ್ರೇಪರ್, ಅಂದರೆ ಹೆರೆಯುವ ಉಳಿ.

ಒಂದು ಮಾತನ್ನು ದಪ್ಪ ಅಕ್ಷರದಲ್ಲಿ ಶೆಡ್ಡಿನ ಗೋಡೆಯ ಮೇಲೆ ಬರೆದಿಡಿ: ರಫಿಂಗ್ ಗೌಜ್ ಬಟ್ಟಲಿಗೆ ಅಲ್ಲ. ಅದು ಅಗಲವಾಗಿ, ಬಲವಾಗಿ ಕಾಣುತ್ತದೆ. ಆದರೆ ಹಿಡಿಯೊಳಗೆ ಸೇರುವ ಅದರ ಬಾಲ ಸಾಮಾನ್ಯವಾಗಿ ಚಪ್ಪಟೆಯಾಗಿ, ತೆಳ್ಳಗಿರುತ್ತದೆ. ಬಟ್ಟಲಿನ ಮರದಲ್ಲಿ ಎಳೆ ಅಡ್ಡವಾಗಿರುವುದರಿಂದ ಪ್ರತಿ ಸುತ್ತಿಗೂ ಎರಡು ಸಲ ಎಳೆಯ ತುದಿ ಎದುರಾಗಿ ಹೊಡೆಯುತ್ತದೆ. ಕಚ್ಚಿದರೆ ಬಾಲ ಮುರಿದು ಉಕ್ಕು ಹಾರುತ್ತದೆ. ಬೌಲ್ ಗೌಜ್ ಅನ್ನು ಒಂದೇ ದುಂಡು ಸಲಾಕೆಯಿಂದ ಮಾಡುವುದು ಈ ಕಾರಣಕ್ಕೇ.

ಕಾರ್ಬೈಡ್ ಬಿಲ್ಲೆ ಕೂರಿಸಿದ ಉಳಿಗಳು ಈಗ ಜನಪ್ರಿಯ. ಸಾಣೆ ಬೇಕಿಲ್ಲ, ಮೊದಲ ದಿನವೇ ಕೆಲಸ ಮಾಡುತ್ತವೆ. ಮಕ್ಕಳಿಗೆ, ಒಂದೇ ದಿನದ ಶಿಬಿರಕ್ಕೆ ನಾವೂ ಬಳಸುತ್ತೇವೆ. ಆದರೆ ಅವುಗಳಲ್ಲಿ ಹೆಚ್ಚಿನವು ಮರವನ್ನು ಹೆರೆಯುತ್ತವೆ, ಕೊಯ್ಯುವುದಿಲ್ಲ. ತೆಂಗಿನಕಾಯಿ ತುರಿಯುವುದಕ್ಕೂ ಸೌತೆಕಾಯಿ ಸಿಪ್ಪೆ ತೆಗೆಯುವುದಕ್ಕೂ ಇರುವ ವ್ಯತ್ಯಾಸ ಅದು. ತುರಿದದ್ದು ಪುಡಿಯಾಗಿ ಬೀಳುತ್ತದೆ, ಮೇಲ್ಮೈ ಒರಟಾಗಿ ಉಳಿಯುತ್ತದೆ. ಸಿಪ್ಪೆ ಸುರುಳಿಯಾಗಿ ಏಳುತ್ತದೆ, ಕೆಳಗಿನ ಮೈ ನುಣುಪಾಗಿರುತ್ತದೆ. ಕೊಯ್ಯುವುದನ್ನು ಕಲಿಯಬೇಕೆಂದಿದ್ದರೆ ಗೌಜ್‌ನಿಂದಲೇ ಶುರು ಮಾಡಿ.

ಸಾಣೆ

ಹೊಸಬರ ಹತ್ತು ತೊಂದರೆಗಳಲ್ಲಿ ಎಂಟು ಮೊಂಡ ಉಳಿಯಿಂದ ಬಂದವು. ಅಂಗಡಿಯಿಂದ ಬಂದ ಉಳಿಯೂ ಹರಿತವಾಗಿರುವುದಿಲ್ಲ. ಆದ್ದರಿಂದ ಲೇತ್‌ಗಿಂತ ಮೊದಲು ಸಾಣೆ ಯಂತ್ರ ಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಮೇಜಿನ ಮೇಲೆ ಕೂರುವ 8 ಇಂಚಿನ ಗ್ರೈಂಡರ್, ಸಾಧ್ಯವಾದರೆ ನಿಮಿಷಕ್ಕೆ 1,440 ಸುತ್ತಿನ ನಿಧಾನದ್ದು, ಇರಲಿ. ಸಾಮಾನ್ಯ ಗ್ರೈಂಡರ್ ಅದರ ಎರಡು ಪಟ್ಟು ವೇಗದಲ್ಲಿ ತಿರುಗುತ್ತದೆ. ಅದರೊಂದಿಗೆ ಬರುವ ಬೂದು ಕಲ್ಲು ಉಳಿಗೆ ಒರಟು. 80 ಗ್ರಿಟ್‌ನ ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು ಕೇಳಿ ಪಡೆಯಿರಿ. ಹೊಸ ಕಲ್ಲನ್ನು ಕೂರಿಸುವ ಮುನ್ನ ಬೆರಳಿಗೆ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ನುಡಿದರೆ ಸರಿ, ಬೊದ್ದೆಂದರೆ ಒಳಗೆ ಬಿರುಕಿದೆ, ಬಳಸಬೇಡಿ.

ಉಳಿಯ ಅಂಚಿನ ಹಿಂದೆ ಸಾಣೆ ಹಿಡಿದು ಇಳಿಜಾರಾಗಿಸಿದ ಮೈಗೆ ಬೆವೆಲ್ ಎನ್ನುತ್ತಾರೆ. ರಫಿಂಗ್ ಗೌಜ್‌ಗೆ ಈ ಇಳಿಜಾರು ಸುಮಾರು 45 ಡಿಗ್ರಿ, ಸ್ಪಿಂಡಲ್ ಗೌಜ್‌ಗೆ 35ರಿಂದ 40, ಬೌಲ್ ಗೌಜ್‌ಗೆ 50ರಿಂದ 60 ಇದ್ದರೆ ಆರಂಭಕ್ಕೆ ಚೆನ್ನ. ಡಿಗ್ರಿಗಿಂತಲೂ ಮುಖ್ಯವಾದದ್ದು, ಪ್ರತಿ ಸಲವೂ ಅದೇ ಕೋನ ಬರುವುದು. ಅದಕ್ಕೆ ನಮ್ಮ ಕೂಟದಲ್ಲಿ ಎಲ್ಲರೂ ಮಾಡುವ ಉಪಾಯವಿದೆ. ಬೆವೆಲ್‌ಗೆ ಪೂರ್ತಿಯಾಗಿ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿಯಿರಿ. ಯಂತ್ರವನ್ನು ನಿಲ್ಲಿಸಿಯೇ ಉಳಿಯನ್ನು ಕಲ್ಲಿಗೆ ತಾಗಿಸಿ, ಕಲ್ಲನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ. ಕಪ್ಪು ಹಿಮ್ಮಡಿಯಲ್ಲಿ, ಅಂದರೆ ಬೆವೆಲ್‌ನ ಹಿಂತುದಿಯಲ್ಲಿ, ಮಾತ್ರ ಅಳಿಸಿದ್ದರೆ ಹಿಡಿಯನ್ನು ಎತ್ತಬೇಕು, ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಇಳಿಸಬೇಕು. ಹಿಮ್ಮಡಿಯಿಂದ ಅಂಚಿನವರೆಗೆ ಒಂದೇ ಸಮ ಅಳಿಸಿದಾಗ ಯಂತ್ರ ಹಚ್ಚಿ, ಉಳಿಯನ್ನು ಒತ್ತದೆ ಹೊರಳಿಸಿ. ಅಂಚಿನ ಮೇಲ್ಭಾಗಕ್ಕೆ ಸಣ್ಣ ಕಿಡಿಗಳು ದಾಟಿ ಬಂದ ಕ್ಷಣ ನಿಲ್ಲಿಸಿ. ಅದಕ್ಕಿಂತ ಹೆಚ್ಚು ಹಿಡಿದರೆ ಉಕ್ಕು ಸವೆಯುತ್ತದೆಯೇ ಹೊರತು ಹರಿತ ಹೆಚ್ಚುವುದಿಲ್ಲ. ಬಿಸಿಯಾದ ಎಚ್‌ಎಸ್‌ಎಸ್ ಉಳಿಯನ್ನು ನೀರಿಗೆ ಅದ್ದಬೇಡಿ, ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ತಾನಾಗಿ ಆರಲಿ.

ಎಷ್ಟು ಸಲ ಸಾಣೆ ಹಿಡಿಯಬೇಕು? ಸುರುಳಿ ಬರುತ್ತಿದ್ದ ಕಡೆ ಪುಡಿ ಬಂದರೆ, ಕೈ ತಾನಾಗಿಯೇ ಒತ್ತತೊಡಗಿದರೆ, ಆಗ. ಗಟ್ಟಿ ಮರದ ಒಂದು ಬಟ್ಟಲಿಗೆ ನಾನು ಐದಾರು ಸಲ ಗ್ರೈಂಡರ್ ಹತ್ತಿರ ಹೋಗಿ ಬರುತ್ತೇನೆ.

ಮರ ಎಲ್ಲಿಂದ

ಈ ವಿಷಯದಲ್ಲಿ ಬೆಂಗಳೂರಿನವರು ಭಾಗ್ಯವಂತರು. ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಕ್ರುಂಬಿಗಲ್ ಅವರ ಕಾಲದಿಂದ ವರ್ಷವಿಡೀ ಒಂದಾದ ಮೇಲೊಂದು ಹೂಬಿಡುವಂತೆ ಸಾಲುಮರಗಳನ್ನು ನೆಟ್ಟ ಊರಿದು. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕೊಂಬೆಗಳು ಉರುಳುತ್ತವೆ. ಬಿದ್ದದ್ದೆಲ್ಲ ನಮ್ಮದಲ್ಲ. ರಸ್ತೆಬದಿಯ ಮರ ನಗರಾಡಳಿತದ್ದು, ಅರಣ್ಯ ಸಿಬ್ಬಂದಿಯನ್ನು ಕೇಳಿಯೇ ತೆಗೆದುಕೊಳ್ಳಬೇಕು. ನಿಂತ ಮರಕ್ಕಂತೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ, ನಿಮ್ಮದೇ ಹಿತ್ತಲಾದರೂ ಕಡಿಯುವ ಮುನ್ನ ವಿಚಾರಿಸಿ. ಶ್ರೀಗಂಧದ ತುಂಡನ್ನು ಯಾರು ಪ್ರೀತಿಯಿಂದ ಕೊಟ್ಟರೂ ದಾಖಲೆಯಿಲ್ಲದೆ ಮುಟ್ಟಬೇಡಿ. ಕೂಟದ ಮೇಜಿಗೆ ಅದು ಬರಲೇ ಬಾರದು.

ಮಳೆ ಮರದ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಚಾಕೊಲೇಟ್ ಬಣ್ಣದ್ದು, ಉಳಿಗೆ ಬೆಣ್ಣೆಯಂತೆ ಒದಗುತ್ತದೆ; ಬಟ್ಟಲಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಹಲಸು ಕಡೆದ ದಿನ ಅರಿಸಿನದಂತೆ ಹಳದಿಯಾಗಿದ್ದು, ವರ್ಷ ಕಳೆಯುವುದರೊಳಗೆ ಜೇನುಕಂದಾಗುತ್ತದೆ. ಮಾವು ಅಡುಗೆಮನೆಯ ಸಾಮಾನಿಗೆ ಹೇಳಿ ಮಾಡಿಸಿದ ಮರ. ಜಕರಂಡ ಬಿಳಿಚು, ಬಣ್ಣ ಹಚ್ಚುವವರಿಗೆ ಇಷ್ಟವಾಗುತ್ತದೆ. ಸಿಲ್ವರ್ ಓಕ್ ಅಗ್ಗವಾಗಿ ಸಿಗುತ್ತದೆ, ಕೈ ಪಳಗಿಸಲು ಸಾಕು. ಗುಲ್ಮೊಹರ್ ಮೆತ್ತಗೆ, ಬೇಗ ಕೊಳೆಯುತ್ತದೆ. ಕಣಗಿಲೆ, ಕಾಸರಕ ವಿಷದ ಗಿಡಗಳು, ಲೇತ್‌ಗೆ ಏರಿಸಬೇಡಿ. ಗುರುತು ಸಿಗದ ಮರವನ್ನು ಊಟದ ಪಾತ್ರೆಗೆ ಬಳಸಬೇಡಿ. ಒಣಗಿದ, ಚೌಕ ಕೊಯ್ದ ತುಂಡುಗಳು ಬೇಕಾದವರು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಕೊಯ್ಯುವ ಮಿಲ್ಲುಗಳಲ್ಲಿ ತುಂಡು ರಾಶಿ ಕೇಳಿ.

ಹಸಿ ದಿಮ್ಮಿ ಸಿಕ್ಕ ದಿನವೇ ಎರಡೂ ತುದಿಗಳಿಗೆ ಮೇಣ ಬಳಿಯಿರಿ. ನೀರು ತುದಿಗಳಿಂದ ಬೇಗ ಆರುತ್ತದೆ, ಬಿರುಕೂ ಅಲ್ಲಿಂದಲೇ ಶುರು. ಫೆಬ್ರುವರಿ, ಮಾರ್ಚ್‌ನ ಒಣಗಾಳಿಯಲ್ಲಿ ಒಂದೇ ರಾತ್ರಿಯಲ್ಲಿ ಸೀಳಿದ ದಿಮ್ಮಿಯನ್ನು ನಾನು ಕಂಡಿದ್ದೇನೆ. ನಡುವಿನ ತಿರುಳು ತುಂಡಿನೊಳಗೆ ಉಳಿಯದಂತೆ ಉದ್ದಕ್ಕೆ ಎರಡಾಗಿ ಸೀಳಿಸಿ ಇಡುವುದು ಉತ್ತಮ.

ಈಗ ಲೇತ್

ಇಷ್ಟು ಹೊತ್ತಿಗೆ ನಿಮಗೇ ಗೊತ್ತಾಗಿರುತ್ತದೆ, ನಿಮ್ಮ ಮನಸ್ಸು ಲಟ್ಟಣಿಗೆಯಂಥ ಉದ್ದ ಕೆಲಸದತ್ತ ಇದೆಯೋ ಬಟ್ಟಲಿನತ್ತ ಇದೆಯೋ ಎಂದು. ಅದರ ಮೇಲೆ ಲೇತ್ ನಿರ್ಧಾರವಾಗುತ್ತದೆ. ಮೊದಲನೆಯದಕ್ಕೆ ಎರಡು ಕೇಂದ್ರಗಳ ನಡುವಿನ ಉದ್ದ ಬೇಕು, ಎರಡನೆಯದಕ್ಕೆ ಕೇಂದ್ರದಿಂದ ಕೆಳಗಿನ ಹಳಿಗೆ ಇರುವ ಎತ್ತರ. ಫ್ಲ್ಯಾಟ್‌ನಲ್ಲಿ ಇರುವವರಿಗೆ 10ರಿಂದ 12 ಇಂಚು ವ್ಯಾಸ ಹಿಡಿಯುವ ಮೇಜಿನ ಲೇತ್ ಸಾಕು. ಭಾರ ಹೆಚ್ಚಿದ್ದಷ್ಟೂ ಅದುರುವುದು ಕಡಿಮೆ. ಮರವನ್ನು ತಿರುಗಿಸುವ ದಂಡದ, ಅಂದರೆ ಸ್ಪಿಂಡಲ್‌ನ, ತಿರುಪಿನ ಮರೆ (ಥ್ರೆಡ್) ಯಾವ ಅಳತೆಯದು ಎಂದು ಬರೆದುಕೊಳ್ಳಿ, ನಾಳೆ ಕೊಳ್ಳುವ, ಮರವನ್ನು ಕಚ್ಚಿ ಹಿಡಿಯುವ ಚಕ್ ಅದಕ್ಕೆ ಕೂರಬೇಕು. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿಯೇ ಪ್ಲಗ್ ಹಾಕಿ.

ಮೊದಲ ಕೆಲಸ: ಲಟ್ಟಣಿಗೆ

ಒಣಗಿದ ಮಾವಿನ 50 ಮಿ.ಮೀ. ಚೌಕದ, 380 ಮಿ.ಮೀ. ಉದ್ದದ ತುಂಡು ತೆಗೆದುಕೊಳ್ಳಿ. ಗಂಟು, ಸೀಳು ಇರಬಾರದು. ಎರಡೂ ತುದಿಗಳಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ಅವು ಕೂಡುವ ಜಾಗವೇ ಕೇಂದ್ರ. ಲೇತ್‌ನ ಹಲ್ಲಿನ ಮೊಳೆಯನ್ನು ಹೊರತೆಗೆದು, ಮರದ ಕೊಡತಿಯಿಂದ ಒಂದು ತುದಿಗೆ ಹೊಡೆದು ಕೂರಿಸಿ. ಲೇತ್ ಮೇಲಿಟ್ಟು ಹೊಡೆದರೆ ಅದರ ಬೇರಿಂಗ್ ಹಾಳಾಗುತ್ತದೆ. ಇನ್ನೊಂದು ತುದಿಗೆ, ಮರವನ್ನು ಆ ಕಡೆಯಿಂದ ಒತ್ತಿ ಹಿಡಿಯುವ ಟೇಲ್‌ಸ್ಟಾಕ್ ತಂದು ಬಿಗಿಮಾಡಿ.

ಉಳಿ ಊರುವ ಕಟ್ಟೆಯನ್ನು, ಅಂದರೆ ಟೂಲ್ ರೆಸ್ಟನ್ನು, ಮರದ ಮೂಲೆಗೆ ತಾಗದಂತೆ 5, 6 ಮಿ.ಮೀ. ದೂರದಲ್ಲಿ, ಕೇಂದ್ರಕ್ಕಿಂತ ತುಸು ಕೆಳಗೆ ಬಿಗಿಯಿರಿ. ಮರವನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ, ಎಲ್ಲೂ ತಾಗುವುದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಈ ಒಂದು ಸುತ್ತನ್ನು ಎಷ್ಟು ವರ್ಷ ಕಡೆದವರೂ ಬಿಡಬಾರದು. ವೇಗ ನಿಮಿಷಕ್ಕೆ 800ರಿಂದ 1,000 ಸುತ್ತು ಇರಲಿ.

ಈಗ ರಫಿಂಗ್ ಗೌಜ್. ಮೊದಲು ಕಟ್ಟೆಯ ಮೇಲೆ ಊರಿ, ಆಮೇಲೆ ಬೆವೆಲ್‌ನ ಹಿಮ್ಮಡಿಯನ್ನು ಮರಕ್ಕೆ ಸವರಿ. ಮರ ಟಕಟಕ ಎನ್ನುತ್ತದೆ, ಕೊಯ್ಯುವುದಿಲ್ಲ. ನಿಧಾನವಾಗಿ ಹಿಡಿಯನ್ನು ಎತ್ತುತ್ತ ಬನ್ನಿ. ಅಂಚು ಮರವನ್ನು ಮುಟ್ಟಿದ ಕ್ಷಣ ಸಿಪ್ಪೆ ಏಳುತ್ತದೆ. ಊರು, ಸವರು, ಕೊಯ್ಯಿ. ಈ ಅನುಕ್ರಮ ತಪ್ಪಿ ಅಂಚನ್ನೇ ಮೊದಲು ತಾಗಿಸಿದರೆ ಉಳಿ ಕಚ್ಚುತ್ತದೆ. ನನಗೆ ಹಾಗೆ ಕಚ್ಚಿದ ದಿನ ಹಿಡಿ ಪಕ್ಕೆಗೆ ಬಡಿದು ವಾರ ನೋವಿತ್ತು. ಬಲತುದಿಯಿಂದ ಮೂರು ಬೆರಳು ಒಳಗೆ ಶುರುಮಾಡಿ ಹೊರಗೆ ಹೋಗಿ, ಮತ್ತೆ ಇನ್ನೂ ಮೂರು ಬೆರಳು ಒಳಗಿನಿಂದ ಹೊರಗೆ. ತುದಿಯಿಂದ ಒಳಕ್ಕೆ ನುಗ್ಗಿದರೆ ಉದ್ದನೆಯ ಸೀಳು ಏಳುತ್ತದೆ.

ದುಂಡಗಾಯಿತು ಎನಿಸಿದಾಗ ಯಂತ್ರ ನಿಲ್ಲಿಸಿ ನೋಡಿ, ಚಪ್ಪಟೆ ಉಳಿದಿದ್ದರೆ ಮುಂದುವರಿಸಿ. ಕಟ್ಟೆಯನ್ನು ಮರದ ಹತ್ತಿರಕ್ಕೆ ತನ್ನಿ, ವೇಗವನ್ನು 1,500ಕ್ಕೆ ಏರಿಸಿ. ಪಾರ್ಟಿಂಗ್ ಉಳಿಯಿಂದ ನಡುವೆ 38 ಮಿ.ಮೀ., ಎರಡೂ ತುದಿಗಳ ಹತ್ತಿರ 28 ಮಿ.ಮೀ. ವ್ಯಾಸಕ್ಕೆ ಕಾಲುವೆ ತೆಗೆಯಿರಿ. ಕ್ಯಾಲಿಪರ್ ಇಡುವಾಗ ಪ್ರತಿ ಸಲ ಯಂತ್ರ ನಿಂತಿರಬೇಕು. ಈ ಮೂರು ಕಾಲುವೆಗಳನ್ನು ಸೇರಿಸುತ್ತ, ದಪ್ಪದಿಂದ ಸಣ್ಣಕ್ಕೆ ಇಳಿಜಾರಿನಲ್ಲಿ ಕೊಯ್ಯುತ್ತ ಹೋಗಿ. ಬೆಟ್ಟ ಇಳಿದಂತೆ, ಹತ್ತಬಾರದು. ಹೋಳಿಗೆಗೆ ಬೇಕಾದರೆ ಇಡೀ ಕೋಲನ್ನು 25 ಮಿ.ಮೀ.ಗೆ ಇಳಿಸಿ, ಕಣಕ ತೆಳ್ಳಗೆ ಲಟ್ಟಿಸಲು ಸಣ್ಣ ಲಟ್ಟಣಿಗೆಯೇ ಹದ ಎಂದು ನಮ್ಮ ಮನೆಯ ತೀರ್ಪು.

ಸ್ಯಾಂಡ್‌ಪೇಪರ್ ಹಿಡಿಯುವ ಮೊದಲು ಕಟ್ಟೆಯನ್ನು ತೆಗೆದಿಡಿ, ಇಲ್ಲದಿದ್ದರೆ ಬೆರಳು ನಡುವೆ ಸಿಕ್ಕಿಕೊಳ್ಳುತ್ತದೆ. 120, 180, 240, 320 ಎಂದು ಒಂದನ್ನೂ ಹಾರದೆ ಏರುತ್ತ ಹೋಗಿ. ಪ್ರತಿ ಹಂತದ ಕೊನೆಗೆ ಯಂತ್ರ ನಿಲ್ಲಿಸಿ ಎಳೆಯ ಉದ್ದಕ್ಕೂ ಕೈಯಿಂದ ಉಜ್ಜಿದರೆ ಸುತ್ತುಗೆರೆಗಳು ಮಾಯವಾಗುತ್ತವೆ. ತುದಿಗಳಲ್ಲಿ 10 ಮಿ.ಮೀ. ಉಳಿಯುವವರೆಗೆ ಪಾರ್ಟಿಂಗ್ ಉಳಿ ಇಳಿಸಿ, ಉಳಿದದ್ದನ್ನು ಲೇತ್‌ನಿಂದ ಇಳಿಸಿ ಕೈಗರಗಸದಿಂದ ಕೊಯ್ಯಿರಿ.

ಬಟ್ಟಲಿನ ಬಗ್ಗೆ ಇಲ್ಲಿ ಸ್ವಲ್ಪವೇ ಹೇಳುತ್ತೇನೆ, ಏಕೆಂದರೆ ಅದನ್ನು ಬಲ್ಲವರೊಬ್ಬರು ಪಕ್ಕದಲ್ಲಿ ಇಲ್ಲದೆ ಶುರು ಮಾಡುವುದು ತರವಲ್ಲ. ಹೊರಮೈಯನ್ನು ಪಾದದಿಂದ ಬಾಯಿಯ ಕಡೆಗೆ, ಒಳಮೈಯನ್ನು ಬಾಯಿಯಿಂದ ನಡುವಿಗೆ ಕೊಯ್ಯಬೇಕು. ಟೇಲ್‌ಸ್ಟಾಕನ್ನು ಸಾಧ್ಯವಾದಷ್ಟು ಹೊತ್ತು ತೆಗೆಯಬೇಡಿ. ತೂಕ ಒಂದು ಕಡೆ ವಾಲಿದ ಹಸಿ ದಿಮ್ಮಿಗೆ 400 ಸುತ್ತಿನಿಂದ ಆರಂಭಿಸಿ, ಅದುರುವುದು ನಿಂತ ಮೇಲೆ ಏರಿಸಿ. ವ್ಯಾಸದ ಇಂಚನ್ನು ಸುತ್ತಿನ ವೇಗದಿಂದ ಗುಣಿಸಿದರೆ 6,000ದಿಂದ 9,000ದೊಳಗೆ ಇರಬೇಕೆಂಬ ಲೆಕ್ಕವನ್ನು ಹಳಬರು ಬಳಸುತ್ತಾರೆ. 10 ಇಂಚಿನ ಬಟ್ಟಲಿಗೆ 600ರಿಂದ 900. ಹೊಸಬರು ಕೆಳಗಿನ ಅಂಕಿಯಲ್ಲೇ ಇರಲಿ. ಹಸಿ ಮರವಾದರೆ ಗೋಡೆಯನ್ನು ವ್ಯಾಸದ ಹತ್ತನೇ ಒಂದರಷ್ಟು ದಪ್ಪ ಬಿಟ್ಟು, ಅದೇ ಸಿಪ್ಪೆಯೊಂದಿಗೆ ಕಾಗದದ ಚೀಲದಲ್ಲಿ ತುಂಬಿಡಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಚೀಲದ ಮೇಲೆಯೇ ಬರೆಯಿರಿ. ತೂಕ ಇಳಿಯುವುದು ನಿಂತಾಗ ಮರ ಒಣಗಿದೆ. ಅಷ್ಟರಲ್ಲಿ ಅದು ಮೊಟ್ಟೆಯಾಕಾರಕ್ಕೆ ತಿರುಚಿರುತ್ತದೆ. ಮತ್ತೆ ಲೇತ್‌ಗೆ ಏರಿಸಿ ದುಂಡಗೆ ಮಾಡಿ.

ಅಡುಗೆಯ ಸಾಮಾನಿಗೆ ಔಷಧ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಜೊತೆ ಜೇನುಮೇಣ ಕರಗಿಸಿ ಹಚ್ಚಿದರೆ ಸಾಕು. ಪೇಂಟ್ ಅಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸೆ ಎಣ್ಣೆಯಲ್ಲಿ ಬೇಗ ಒಣಗಿಸುವ ರಾಸಾಯನಿಕ ಬೆರೆತಿರುತ್ತದೆ, ಅದು ಹೂದಾನಿಗೆ, ಮೇಜಿನ ಕಾಲಿಗೆ ಇರಲಿ. ಹಚ್ಚುವಾಗ ಬಟ್ಟೆಯ ಬದಲು ಕಾಗದದ ಟವೆಲ್ ಬಳಸಿ. ಬಟ್ಟೆ ಸುತ್ತಿಕೊಂಡರೆ ಕೈಯನ್ನು ಎಳೆಯುತ್ತದೆ, ಕಾಗದ ಹರಿದುಹೋಗುತ್ತದೆ. ಅಗಸೆ ಎಣ್ಣೆ ಹೀರಿದ ಕಾಗದವನ್ನು ಮುದ್ದೆ ಮಾಡಿ ಸಿಪ್ಪೆಯ ರಾಶಿಗೆ ಎಸೆಯಬೇಡಿ. ಆ ಎಣ್ಣೆ ಗಾಳಿಯೊಂದಿಗೆ ಸೇರಿ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ನಮ್ಮ ಶೆಡ್ಡಿನ ಹೊರಗೆ ಇದಕ್ಕೆಂದೇ ಒಂದು ತಂತಿ ಕಟ್ಟಿದ್ದೇವೆ. ಭಾನುವಾರ ಮಧ್ಯಾಹ್ನ ಬಾಗಿಲು ಹಾಕುವ ಮೊದಲು ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಅದರ ಮೇಲೆ ಕ್ಲಿಪ್ ಹಾಕಿ ಒಣಗಹಾಕುತ್ತೇವೆ.